ಗಾಲ್ಫ್‌ನ ಹೊಸ ಐರನ್ ಸೆಟ್ ಕೊಳ್ಳುವ ಮುನ್ನ: ನಿಮ್ಮ ಕೆಟ್ಟ ಹೊಡೆತಗಳನ್ನು ಎಣಿಸಿ

ಅಂಗಡಿಯಲ್ಲಿ, ಹೊಡೆತದ ದೂರವನ್ನು ಪರದೆಯ ಮೇಲೆ ತೋರಿಸುವ ಸಿಮ್ಯುಲೇಟರ್ ಮುಂದೆ ಹೊಸ 7 ಐರನ್ (ಲೋಹದ ತಲೆಯ ಗಾಲ್ಫ್ ಕ್ಲಬ್; ಅಂಕಿ ಹೆಚ್ಚಿದಷ್ಟೂ ಚೆಂಡು ಹೋಗುವ ದೂರ ಕಡಿಮೆ) ಹಿಡಿದು ನಿಂತವರಲ್ಲಿ ಹೆಚ್ಚಿನವರಿಗೆ ಚೆಂಡು ಹಳೆಯದಕ್ಕಿಂತ ಹತ್ತು ಹದಿನೈದು ಗಜ ಮುಂದೆ ಬೀಳುತ್ತದೆ. ಮಾರುವವರು ಪರದೆಯ ಕಡೆ ಕೈ ತೋರಿಸುತ್ತಾರೆ, ಕೊಳ್ಳುವವರ ಕೈ ಜೇಬಿಗೆ ಹೋಗುತ್ತದೆ. ಕೆಲವು ತಿಂಗಳು ಆಡಿದ ಮೇಲೆ ನೋಡಿದರೆ ಹ್ಯಾಂಡಿಕ್ಯಾಪ್ (ಆಟದ ಮಟ್ಟ ಹೇಳುವ ಅಂಕಿ; ಕಡಿಮೆಯಾದಷ್ಟೂ ಆಟ ಮೇಲು) ಇದ್ದಲ್ಲೇ ಇರುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಚೆಂಡು ದೂರ ಹೋದದ್ದು ನಿಜ. ಏಕೆ ಹೋಯಿತು, ಆ ದೂರದಿಂದ ಆಟಕ್ಕೆ ಸಿಕ್ಕಿದ್ದೇನು ಎಂದು ಯಾರೂ ಕೇಳಲಿಲ್ಲ, ಅಷ್ಟೆ.

ಹ್ಯಾಂಡಿಕ್ಯಾಪ್ ಹದಿನಾಲ್ಕರಿಂದ ಇಪ್ಪತ್ತೆಂಟರೊಳಗೆ ಇದ್ದು, ವಾರಕ್ಕೊಮ್ಮೆ ಆಡುತ್ತ, ಆಟ ನಿಧಾನವಾಗಿ ಸುಧಾರಿಸುತ್ತಿದೆ ಎಂದು ಅನ್ನಿಸುತ್ತಿರುವವರಿಗಾಗಿ ಇದನ್ನು ಬರೆದಿದ್ದೇನೆ. ನನ್ನ ಮಾತು ಒಂದೇ. ಚೆನ್ನಾಗಿ ಬಿದ್ದ ಹೊಡೆತ ಯಾವ ಐರನ್‌ನಲ್ಲೂ ಚೆನ್ನಾಗಿಯೇ ಹೋಗುತ್ತದೆ; ಅದಕ್ಕಾಗಿ ಲಕ್ಷ ರೂಪಾಯಿ ಕೊಡಬೇಕಾಗಿಲ್ಲ. ಕೊಡುವ ಹಣ ಕೊಂಚ ತಪ್ಪಿದ ಹೊಡೆತಕ್ಕೆ ಹೋಗಬೇಕು. ನಿಮ್ಮ ಮಟ್ಟದಲ್ಲಿ ಒಂದು ಸುತ್ತಿನ ಹೆಚ್ಚಿನ ಹೊಡೆತಗಳು ಆ ಜಾತಿಯವೇ.

ಹಂತ 1: ಹಳೆಯ ಸೆಟ್‌ನ ತಪಾಸಣೆ

ಅಂಗಡಿಗೆ ಹೋಗುವ ಮೊದಲು ಬಿಳಿ ಹಲಗೆಗೆ ಬಳಸುವ ಒರೆಸಬಹುದಾದ ಮಾರ್ಕರ್ ಪೆನ್ ಒಂದನ್ನು ಚೀಲಕ್ಕೆ ಹಾಕಿಕೊಳ್ಳಿ. ಡ್ರೈವಿಂಗ್ ರೇಂಜ್‌ನಲ್ಲಿ ಹಳೆಯ 7 ಐರನ್‌ನ ಮುಖಕ್ಕೆ ಆ ಬಣ್ಣವನ್ನು ತೆಳುವಾಗಿ ಬಳಿದು ಹೊಡೆಯಿರಿ. ಚೆಂಡು ತಾಗಿದ ಜಾಗದಲ್ಲಿ ಬಣ್ಣ ಅಳಿದು ಗುಂಡಗಿನ ಗುರುತು ಮೂಡುತ್ತದೆ. ಮೊಬೈಲ್‌ನಲ್ಲಿ ಒಂದು ಚಿತ್ರ ತೆಗೆದು, ಒರೆಸಿ, ಮತ್ತೆ ಬಳಿಯಿರಿ. ಇಪ್ಪತ್ತು ಚೆಂಡು ಮುಗಿಯುವಷ್ಟರಲ್ಲಿ ನಿಮ್ಮ ಗುಟ್ಟು ಬಯಲಾಗಿರುತ್ತದೆ. ಗುರುತುಗಳು ಮುಖದ ನಡುವೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಗುಂಪುಗೂಡಿದ್ದರೆ ನೀವು ಈ ಲೇಖನ ಓದುವ ಅಗತ್ಯ ಕಡಿಮೆ. ಅವು ಟೋ (ಮುಖದ ಹೊರತುದಿ) ಕಡೆಗೋ ಹೀಲ್ (ಕೋಲಿನ ಕಡೆಯ ತುದಿ) ಕಡೆಗೋ ಹರಡಿದ್ದರೆ ನಿಮಗೆ ಬೇಕಾದ ಕ್ಲಬ್‌ನ ತಲೆ ಯಾವ ಬಗೆಯದು ಎಂಬುದಕ್ಕೆ ಅರ್ಧ ಉತ್ತರ ಸಿಕ್ಕಿತು. ಎಲ್ಲವೂ ಮುಖದ ಕೆಳ ಅಂಚಿನಲ್ಲೇ ಇದ್ದು, ಚೆಂಡು ನೆಲ ಸವರಿಕೊಂಡು ಹೋಗುತ್ತಿದ್ದರೆ ಅದಕ್ಕೆ ಔಷಧ ಅಂಗಡಿಯಲ್ಲಿಲ್ಲ. ಮೊದಲು ಕೋಚ್ ಹತ್ತಿರ ನಾಲ್ಕು ಪಾಠ ಹೇಳಿಸಿಕೊಳ್ಳಿ, ಐರನ್ ಆಮೇಲೆ.

ಇನ್ನೊಂದು ಲೆಕ್ಕ ಮೈದಾನದಲ್ಲೇ ಆಗಬೇಕು. ಮುಂದಿನ ಕೆಲವು ಸುತ್ತುಗಳಲ್ಲಿ ಐರನ್‌ನಿಂದ ಗ್ರೀನ್‌ಗೆ (ಕುಳಿಯಿರುವ ನುಣುಪು ಹುಲ್ಲಿನ ಜಾಗ) ಗುರಿಯಿಟ್ಟ ಪ್ರತಿ ಹೊಡೆತದ ಮುಂದೆ ಸ್ಕೋರ್ ಕಾರ್ಡ್‌ನ ಅಂಚಿನಲ್ಲಿ ಒಂದು ಅಕ್ಷರ ಬರೆಯಿರಿ: ಕಡಿಮೆ ಬಿದ್ದರೆ ‘ಕ’, ಹೆಚ್ಚಾದರೆ ‘ಹೆ’, ಎಡಕ್ಕೆ ಹೋದರೆ ‘ಎ’, ಬಲಕ್ಕೆ ಹೋದರೆ ‘ಬ’. ಹವ್ಯಾಸಿ ಆಟಗಾರರ ಕಾರ್ಡ್‌ಗಳಲ್ಲಿ ‘ಕ’ಗಳದ್ದೇ ರಾಜ್ಯಭಾರ. ಜೀವಮಾನದಲ್ಲಿ ಒಮ್ಮೆ 7 ಐರನ್‌ನಿಂದ 160 ಗಜ ಹೊಡೆದವರು ಆಮೇಲೆ ಪ್ರತಿ ಬಾರಿಯೂ 160 ಎಂದೇ ಲೆಕ್ಕ ಹಾಕುತ್ತಾರೆ. ನಿಮ್ಮ 7 ಐರನ್ ನಿಜಕ್ಕೂ ಎಷ್ಟು ಗಜ ಎಂದು ನಿಮಗಿಂತ ಚೆನ್ನಾಗಿ ಬಲ್ಲವರು ನಿಮ್ಮ ಚೀಲ ಹೊರುವ ಕ್ಯಾಡಿ. ಮರ್ಯಾದೆಗೆ ಸುಮ್ಮನಿರುತ್ತಾರೆ, ಒತ್ತಾಯಿಸಿ ಕೇಳಿದರೆ ಹೇಳುತ್ತಾರೆ.

ಈ ವಿಷಯದಲ್ಲಿ ಸಂಕೋಚಕ್ಕೆ ಕಾರಣವಿಲ್ಲ. ಅಮೆರಿಕದ ಎಲ್‌ಪಿಜಿಎ ಟೂರ್‌ನಲ್ಲಿ ಆಡುವ ವೃತ್ತಿಪರ ಮಹಿಳೆಯರ 7 ಐರನ್ ಹೊಡೆತ ಗಾಳಿಯಲ್ಲಿ ಕ್ರಮಿಸುವ ದೂರ ಸರಾಸರಿ 140 ಗಜಕ್ಕೆ ಸ್ವಲ್ಪ ಮೇಲೆ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ತಮಗಿಂತ ಬಹಳ ಉದ್ದ ಹೊಡೆಯುವವರ ನಡುವೆ ಆಡಿ ನಾಲ್ಕನೆಯವರಾದರು. ಪದಕ ತಪ್ಪಿದ್ದು ಒಂದೇ ಹೊಡೆತದಿಂದ.

ಹಂತ 2: ಕ್ಲಬ್‌ನ ತಳದಲ್ಲಿರುವ ಅಂಕಿಯನ್ನು ಮರೆತು ಲಾಫ್ಟ್ ಕೇಳಿ

ಇಡೀ ವ್ಯವಹಾರದಲ್ಲಿ ಹೆಚ್ಚು ಗೊಂದಲ ಇರುವುದು ಇಲ್ಲಿ. ಆದ್ದರಿಂದ ಸ್ವಲ್ಪ ನಿಂತು ನೋಡೋಣ.

ಕ್ಲಬ್‌ನ ಮುಖ ಎಷ್ಟು ಹಿಂದಕ್ಕೆ ಮಲಗಿದೆ ಎಂಬುದರ ಅಳತೆಯೇ ಲಾಫ್ಟ್. ಮುಖ ನೆಟ್ಟಗಿದ್ದಷ್ಟೂ ಚೆಂಡು ತಗ್ಗಾಗಿ, ದೂರ ಹೋಗುತ್ತದೆ. ‘7’ ಎಂಬ ಅಂಕಿಗೆ ಇಂತಿಷ್ಟೇ ಡಿಗ್ರಿ ಇರಬೇಕು ಎಂದು ಗಾಲ್ಫ್‌ನ ಯಾವ ನಿಯಮವೂ ಹೇಳುವುದಿಲ್ಲ. ಅರ್ಧ ಶತಮಾನದ ಹಿಂದೆ 7 ಐರನ್‌ಗಳ ಲಾಫ್ಟ್ 36 ಡಿಗ್ರಿಗಿಂತ ಮೇಲೆಯೇ ಇರುತ್ತಿತ್ತು. ಇಂದು ಪಳಗಿದ ಆಟಗಾರರಿಗೆಂದು ಬರುವ ಟೈಟ್ಲಿಸ್ಟ್ ಟಿ100ರ 7 ಐರನ್ 34 ಡಿಗ್ರಿ, 6 ಐರನ್ 30 ಡಿಗ್ರಿ. ನಮ್ಮಂಥವರಿಗೆಂದು ಬಂದ ಪಿಂಗ್ ಜಿ430ರ 7 ಐರನ್ 29 ಡಿಗ್ರಿ. ಅಂದರೆ ಒಂದು ಕಂಪನಿಯ 7, ಇನ್ನೊಂದರ 6ಕ್ಕಿಂತಲೂ ನೆಟ್ಟಗಿದೆ! ಅಂಗಡಿಯಲ್ಲಿ ಕಂಡ ಹದಿನೈದು ಗಜದ ಬಹುಪಾಲು ಇಲ್ಲಿಂದ ಬಂದದ್ದು. ನೀವು ಹೊಡೆದದ್ದು ಹೆಚ್ಚುಕಡಿಮೆ 6 ಐರನ್, ಅದರ ತಳದಲ್ಲಿ 7 ಎಂದು ಕೆತ್ತಿತ್ತು.

ಕಂಪನಿಗಳನ್ನು ಬೈಯುವುದಕ್ಕೆ ಇದು ಸಾಲದು. ಹೊಸ ತಲೆಗಳಲ್ಲಿ ತೂಕವನ್ನು ತಳಕ್ಕೆ ಇಳಿಸಿರುತ್ತಾರೆ, ಮುಖ ತೆಳುವಾಗಿ ಸ್ಪ್ರಿಂಗ್‌ನಂತೆ ಮಣಿಯುತ್ತದೆ. ಹಾಗಾಗಿ ಚೆಂಡು ತಾನಾಗಿಯೇ ಮೇಲೇಳುತ್ತದೆ. ಹಳೆಯ ಲಾಫ್ಟನ್ನೇ ಉಳಿಸಿದ್ದರೆ ಚೆಂಡು ಗಾಳಿಪಟದಂತೆ ಏರಿ ಅಲ್ಲೇ ಬೀಳುತ್ತಿತ್ತು. ಲಾಫ್ಟ್ ಇಳಿಸುವುದರ ಹಿಂದೆ ತಕ್ಕ ಕಾರಣವಿದೆ. ತೊಂದರೆ ಬರುವುದು ಸ್ವಿಂಗ್ ವೇಗ ಕಡಿಮೆ ಇರುವವರಿಗೆ. ಚೆಂಡು ಬೇಕಾದಷ್ಟು ಏರದೆ, ಹಿಂಬದಿ ಸುತ್ತು ಸಾಲದೆ, ಗ್ರೀನ್ ಮೇಲೆ ಬಿದ್ದು ಹಿಂದಿನ ಇಳಿಜಾರಿಗೆ ಓಡಿಹೋಗುತ್ತದೆ. ಪರದೆಯ ಮೇಲೆ 155 ಗಜ ಎಂದು ಮಿನುಗಿದ ಹೊಡೆತ ಮೈದಾನದಲ್ಲಿ ಹಿಂದಿನ ಬಂಕರ್‌ನ ಮರಳಿನಲ್ಲಿ ಸಿಗುತ್ತದೆ.

ಆದ್ದರಿಂದ ಚೆಂಡಿನ ಹಾರಾಟ ಅಳೆಯುವ ಲಾಂಚ್ ಮಾನಿಟರ್‌ನಲ್ಲಿ ದೂರದ ಜೊತೆಗೆ ಎರಡು ಅಂಕಿ ನೋಡಿ. ಒಂದು, ಚೆಂಡು ನೆಲಕ್ಕೆ ಇಳಿಯುವ ಕೋನ. 7 ಐರನ್‌ನಲ್ಲಿ ಇದು 45 ಡಿಗ್ರಿಯ ಸುತ್ತಮುತ್ತ ಅಥವಾ ಅದಕ್ಕೆ ಮೇಲಿದ್ದರೆ ಚೆಂಡು ನಿಲ್ಲುತ್ತದೆ. ಪುರುಷರ ಪಿಜಿಎ ಟೂರ್‌ನ ಸರಾಸರಿ 50ರ ಹತ್ತಿರ. ನಿಮ್ಮದು 40ಕ್ಕಿಂತ ಕೆಳಗಿದ್ದರೆ ಆ ಮಾದರಿಯನ್ನು ಕೆಳಗಿಡಿ, ಅಥವಾ ಅದನ್ನೇ ಹೆಚ್ಚು ಲಾಫ್ಟ್‌ನಲ್ಲಿ ಕೇಳಿ. ಪಿಂಗ್‌ನಂಥ ಕಂಪನಿಗಳು ಒಂದೇ ತಲೆಯನ್ನು ಎರಡು ಮೂರು ಲಾಫ್ಟ್ ಆಯ್ಕೆಗಳಲ್ಲಿ ಕೊಡುತ್ತವೆ. ಎರಡನೆಯದು ಚೆಂಡಿನ ಹಿಂಬದಿ ಸುತ್ತು. ನಿಮಿಷಕ್ಕೆ 5,000ಕ್ಕಿಂತ ಕೆಳಗಿಳಿದಿದ್ದು, ಇಳಿಯುವ ಕೋನವೂ ಸಣ್ಣದಾಗಿದ್ದರೆ ಆ ದೂರದ ಮೇಲೆ ಭರವಸೆ ಇಡಬೇಡಿ.

ಲಾಫ್ಟ್ ನೆಟ್ಟಗಾದುದರ ಇನ್ನೊಂದು ಪರಿಣಾಮ ಚೀಲದ ಕೆಳತುದಿಯಲ್ಲಿ, ಅಂದರೆ ಹತ್ತಿರದ ಹೊಡೆತಗಳಿಗೆ ಬಳಸುವ ವೆಜ್‌ಗಳಲ್ಲಿ ಕಾಣುತ್ತದೆ. ಟಿ100ರ ಪಿಚಿಂಗ್ ವೆಜ್ 46 ಡಿಗ್ರಿ, ಜಿ430ರದ್ದು 41. ನಿಮ್ಮ ಹಳೆಯ ಸ್ಯಾಂಡ್ ವೆಜ್ 56 ಡಿಗ್ರಿ ಇದ್ದರೆ 41ಕ್ಕೂ 56ಕ್ಕೂ ನಡುವೆ ಹದಿನೈದು ಡಿಗ್ರಿಯ ಕಂದಕ. ಗ್ರೀನ್‌ನಿಂದ ನೂರು ಗಜದಲ್ಲಿ ನಿಂತು, ಒಂದು ಕ್ಲಬ್ ಹೆಚ್ಚಾಗಿ ಇನ್ನೊಂದು ಕಡಿಮೆಯಾಗಿ ತಲೆ ಕೆರೆದುಕೊಳ್ಳುವ ಪರಿಸ್ಥಿತಿ ಹುಟ್ಟುವುದೇ ಹೀಗೆ. ಸೆಟ್ ಕೊಳ್ಳುವಾಗಲೇ ಎಲ್ಲ ಕ್ಲಬ್‌ಗಳ ಲಾಫ್ಟ್ ಪಟ್ಟಿಯನ್ನು ಕಂಪನಿಯ ಜಾಲತಾಣದಿಂದ ಬರೆದುಕೊಂಡು, 46 ಮತ್ತು 50ರ ಹತ್ತಿರದ ಎರಡು ವೆಜ್‌ಗಳ ಖರ್ಚನ್ನೂ ಸೇರಿಸಿಯೇ ಬೆಲೆ ಲೆಕ್ಕ ಹಾಕಿ. ಮಾರುವವರು ಇದನ್ನು ತಾವಾಗಿ ಹೇಳುವುದು ಅಪರೂಪ.

ಹಂತ 3: ತಲೆಯ ಬಗೆ

ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಎಂಜಿನಿಯರ್ ಆಗಿದ್ದ ಕಾರ್ಸ್ಟನ್ ಸೋಲ್‌ಹೈಮ್ ತಮ್ಮದೇ ಪಟಿಂಗ್ (ಚೆಂಡನ್ನು ಗ್ರೀನ್ ಮೇಲೆ ಉರುಳಿಸಿ ಕುಳಿಗೆ ಹಾಕುವುದು) ಸರಿಹೋಗದೆ ಬೇಸತ್ತು 1959ರಲ್ಲಿ ಪಿಂಗ್ ಪಟರ್ ಮಾಡಿದರು. ತೂಕವನ್ನು ನಡುವಿನಿಂದ ತೆಗೆದು ಅಂಚುಗಳಿಗೆ ಹಂಚಿದರೆ, ಚೆಂಡು ಅಂಚಿಗೆ ತಾಗಿದಾಗಲೂ ತಲೆ ಹೆಚ್ಚು ತಿರುಚಿಕೊಳ್ಳುವುದಿಲ್ಲ ಎಂಬುದು ಅವರ ಲೆಕ್ಕ. ಅದೇ ತತ್ತ್ವವನ್ನು ಐರನ್‌ಗೆ ತಂದರು. 1982ರಲ್ಲಿ ಬಂದ ಪಿಂಗ್ ಐ2 ಹವ್ಯಾಸಿಗಳ ಚೀಲದ ಚಹರೆಯನ್ನೇ ಬದಲಿಸಿತು. ಇಂದು ನೀವು ನೋಡುವ ಬೆನ್ನು ಟೊಳ್ಳಾದ ಪ್ರತಿಯೊಂದು ಐರನ್‌ಗೂ ಆ ಲೆಕ್ಕದ ಋಣವಿದೆ.

ಅಂಗಡಿಯ ಗೋಡೆಯಲ್ಲಿ ಈಗ ನಾಲ್ಕು ಬಗೆ ಕಾಣುತ್ತವೆ. ಬೆನ್ನು ಗಟ್ಟಿಯಾದ ತೆಳು ಬ್ಲೇಡ್‌ಗಳು ನೋಡಲು ಸೊಗಸು. ಅವನ್ನು ನೋಡಿ ಸಂತೋಷಪಟ್ಟು ಮುಂದೆ ನಡೆಯಿರಿ. ಇನ್ನೊಂದು ತುದಿಯಲ್ಲಿ ಅಗಲ ತಳದ, ದಪ್ಪ ಮೇಲಂಚಿನ, ಹೊಸೆಲ್‌ಗಿಂತ (ಕ್ಲಬ್‌ನ ಕೋಲು ತಲೆಗೆ ಸೇರುವ ಕೊಳವೆ) ಮುಖ ಹಿಂದೆ ಸರಿದಿರುವ ಭಾರಿ ತಲೆಗಳು ಇರುತ್ತವೆ. ಹ್ಯಾಂಡಿಕ್ಯಾಪ್ ಇಪ್ಪತ್ತರ ಮೇಲಿದ್ದು, ಚೆಂಡು ಬಲಕ್ಕೆ ಬಾಗುವವರಿಗೆ ಇವು ನಿಜವಾಗಿ ಸಹಾಯ ಮಾಡುತ್ತವೆ. ಮುಖ ಹಿಂದೆ ಸರಿದಿರುವುದರಿಂದ ಅದು ನೇರವಾಗಲು ಒಂದು ಕ್ಷಣ ಹೆಚ್ಚು ಸಿಗುತ್ತದೆ. ಚೆಂಡು ಈಗಾಗಲೇ ಎಡಕ್ಕೆ ಬಾಗುತ್ತಿದ್ದರೆ ಇದೇ ಗುಣ ಕಾಟವಾಗುತ್ತದೆ.

ನಡುವಿನ ಎರಡು ಬಗೆಗಳಲ್ಲಿ ಆಯ್ಕೆ ಕಷ್ಟ. ಒಂದು, ನೋಡಲು ತೆಳುವಾಗಿದ್ದು ಒಳಗೆ ಪೂರ್ತಿ ಟೊಳ್ಳಾಗಿರುವ, ದೂರಕ್ಕೆಂದೇ ಮಾಡಿದ ಐರನ್. ಇನ್ನೊಂದು, ದೂರದ ಬಗ್ಗೆ ದೊಡ್ಡ ಮಾತಾಡದ, ಮಧ್ಯಮ ಗಾತ್ರದ ಕ್ಯಾವಿಟಿ ಬೆನ್ನಿನ ಐರನ್. ಮೊದಲನೆಯದರ ಮೇಲೆ ಈಗ ಎಲ್ಲರ ಕಣ್ಣು. ನನ್ನ ಮನಸ್ಸು ಎರಡನೆಯದರ ಕಡೆ. ತೆಳು ಮುಖದ ಐರನ್‌ಗಳಲ್ಲಿ ಆಗೀಗ ಒಂದು ಹೊಡೆತ ಕಾರಣವಿಲ್ಲದೆ ಹತ್ತು ಹನ್ನೆರಡು ಗಜ ಹೆಚ್ಚು ಹಾರಿಬಿಡುತ್ತದೆ; ಗ್ರೀನ್ ಹಿಂದೆ ನೀರಿದ್ದಲ್ಲಿ ಅದು ದುಬಾರಿ ಸಂತೋಷ. ಎಲ್ಲ ಮಾದರಿಗಳಲ್ಲೂ ಹೀಗಾಗುತ್ತದೆ ಎನ್ನುತ್ತಿಲ್ಲ. ಪರೀಕ್ಷಿಸುವಾಗ ಕಣ್ಣಿಡಿ ಎನ್ನುತ್ತಿದ್ದೇನೆ.

ಫೋರ್ಜ್ ಮಾಡಿದ್ದೋ (ಬಡಿದು ರೂಪಿಸಿದ್ದೋ) ಎರಕ ಹೊಯ್ದದ್ದೋ ಎಂಬ ಚರ್ಚೆಗೆ ಹೆಚ್ಚು ಹೊತ್ತು ಕೊಡಬೇಡಿ. ಫೋರ್ಜ್ ಮಾಡಿದ ಮೆದು ಉಕ್ಕನ್ನು ಬಗ್ಗಿಸಿ ಕೋನ ಸರಿಪಡಿಸುವುದು ಸುಲಭ ಎಂಬುದೊಂದೇ ನಿಮಗೆ ನಿಜವಾದ ಲಾಭ. ಕೈಗೆ ತಾಗುವ ಹಿತದ ಕಥೆಗಳಲ್ಲಿ ಅರ್ಧ ಕಿವಿಗೆ ಕೇಳುವ ಸದ್ದಿನದು.

ತಳದ ಅಗಲದ ವಿಷಯದಲ್ಲಿ ನಮ್ಮ ನೆಲವನ್ನು ನೋಡಿ ಯೋಚಿಸಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಫೇರ್‌ವೇ (ಕುಳಿಯತ್ತ ಸಾಗುವ ಕತ್ತರಿಸಿದ ಹುಲ್ಲಿನ ಹಾದಿ) ಕಾದು ಗಟ್ಟಿಯಾದಾಗ ತೀರ ಅಗಲ ತಳದ ಐರನ್ ನೆಲಕ್ಕೆ ಬಡಿದು ಪುಟಿದು ಚೆಂಡಿನ ನಡುಭಾಗಕ್ಕೆ ಹೊಡೆಯುವ ಸಾಧ್ಯತೆ ಇದೆ. ಮಳೆಗಾಲದ ಮೆತ್ತನೆಯ ನೆಲದಲ್ಲಿ ಅದೇ ಅಗಲ ತಳ ಮಣ್ಣಿಗೆ ಹೂತುಹೋಗದಂತೆ ಕಾಪಾಡುತ್ತದೆ. ಚೆಂಡಿನ ಹಿಂದೆ ನೆಲಕ್ಕೆ ಹೊಡೆಯುವ ಅಭ್ಯಾಸ ಇರುವವರು ಅಗಲ ತಳವನ್ನೇ ಆರಿಸಿಕೊಳ್ಳಲಿ. ಚೆಂಡನ್ನು ನೆಲದ ಮೇಲಿನಿಂದ ಗುಡಿಸಿಕೊಂಡು ಹೋಗುವವರಿಗೆ ಮಧ್ಯಮ ಅಗಲ ಸಾಕು.

ಹಂತ 4: ಶಾಫ್ಟ್

ತಲೆಯ ಬಗ್ಗೆ ತಿಂಗಳುಗಟ್ಟಲೆ ಓದಿ, ಶಾಫ್ಟ್ (ಕ್ಲಬ್‌ನ ಕೋಲು) ಯಾವುದಿದ್ದರೆ ಅದು ಎಂದು ಒಪ್ಪಿಕೊಳ್ಳುವವರನ್ನು ನೋಡಿದ್ದೇನೆ. ತೂಕದಲ್ಲಿ ವ್ಯತ್ಯಾಸ ಸಣ್ಣದಲ್ಲ. ವೃತ್ತಿಪರರು ಮೆಚ್ಚುವ ಡೈನಮಿಕ್ ಗೋಲ್ಡ್ ಎಸ್300 ಉಕ್ಕಿನ ಶಾಫ್ಟ್ 130 ಗ್ರಾಂನಷ್ಟು ತೂಗುತ್ತದೆ. ಜಪಾನಿನ ನಿಪ್ಪಾನ್ 950 ಜಿಎಚ್ ಉಕ್ಕಿನದೇ ಆದರೂ ನೂರು ಗ್ರಾಂ ಒಳಗೆ. ಗ್ರಾಫೈಟ್ ಶಾಫ್ಟ್‌ಗಳು ಸಾಮಾನ್ಯವಾಗಿ 50ರಿಂದ 80 ಗ್ರಾಂ. ಮೊದಲ ಒಂಬತ್ತು ಕುಳಿಗಳಲ್ಲಿ ಭಾರದ ಶಾಫ್ಟ್ ಹಿಡಿತದಲ್ಲಿದೆ ಅನ್ನಿಸುತ್ತದೆ. ಹದಿನಾಲ್ಕನೆಯ ಕುಳಿಯ ಹೊತ್ತಿಗೆ ಬಿಸಿಲೇರಿ ತೋಳು ಸೋತಾಗ ಚೆಂಡು ಬಲಕ್ಕೆ ಸರಿಯತೊಡಗುತ್ತದೆ. ಐವತ್ತು ದಾಟಿದವರು, ಮೊಣಕೈ ನೋವಿರುವವರು ಗ್ರಾಫೈಟನ್ನು ಅವಮಾನ ಎಂದುಕೊಳ್ಳದೆ ಹೊಡೆದು ನೋಡಬೇಕು. ಬೆಲೆ ಸ್ವಲ್ಪ ಹೆಚ್ಚು, ಅಷ್ಟೆ.

ಶಾಫ್ಟ್‌ನ ಬಿಗಿತದ ಅಕ್ಷರಗಳಿಗೆ (ರೆಗ್ಯುಲರ್ ಸಾಧಾರಣ, ಸ್ಟಿಫ್ ಹೆಚ್ಚು ಬಿಗಿ) ಎಲ್ಲ ಕಂಪನಿಗಳೂ ಒಪ್ಪಿದ ಅಳತೆ ಇಲ್ಲ. ಒಬ್ಬರ ರೆಗ್ಯುಲರ್ ಇನ್ನೊಬ್ಬರ ಸ್ಟಿಫ್‌ಗೆ ಸಮನಾಗಿರಬಹುದು. ಅಂದಾಜಿಗೆ ಬೇಕೆಂದರೆ, 7 ಐರನ್ ಸ್ವಿಂಗ್ ವೇಗ ಗಂಟೆಗೆ 70 ಮೈಲಿಗಿಂತ ಕಡಿಮೆ ಇದ್ದರೆ ಹಗುರ ಮತ್ತು ಮೆದು, 70ರಿಂದ 80ರೊಳಗೆ ರೆಗ್ಯುಲರ್, ಅದಕ್ಕೂ ಮೇಲಾದರೆ ಸ್ಟಿಫ್ ಕಡೆಗೆ. ಗೆಳೆಯರ ಮುಂದೆ ಸ್ಟಿಫ್ ಎಂದು ಹೇಳಿಕೊಳ್ಳುವ ಆಸೆಗೆ ಎಷ್ಟೋ ಗಂಡಸರು ವರ್ಷಗಟ್ಟಲೆ ದಂಡ ತೆರುತ್ತಾರೆ.

ಹಂತ 5: ಉದ್ದ ಮತ್ತು ಲೈ ಕೋನ

ಅಂಗಡಿಯಲ್ಲಿ ಸಿದ್ಧವಿರುವ ಪುರುಷರ 7 ಐರನ್ ಸುಮಾರು 37 ಇಂಚು ಉದ್ದ. ನಾನು ಕುಳ್ಳ, ನನಗೆ ಕತ್ತರಿಸಿದ ಕ್ಲಬ್ ಬೇಕು ಎಂದು ತೀರ್ಮಾನಿಸಬೇಡಿ. ಎತ್ತರಕ್ಕಿಂತ ಮುಖ್ಯವಾದದ್ದು ನೇರವಾಗಿ ನಿಂತಾಗ ಮಣಿಕಟ್ಟಿನಿಂದ ನೆಲಕ್ಕಿರುವ ದೂರ. ಐದೂವರೆ ಅಡಿ ಎತ್ತರದವರ ಕೈ ಚಿಕ್ಕದಾಗಿದ್ದರೆ ಸಾಮಾನ್ಯ ಉದ್ದವೇ ಸರಿಹೊಂದಬಹುದು. ಹೆಂಗಸರಿಗೂ ಇದೇ ಮಾತು: ಮಹಿಳೆಯರ ಸೆಟ್ ಎಂದು ಹಣೆಪಟ್ಟಿ ಇರುವುದು ಚಿಕ್ಕದಾಗಿ ಹಗುರವಾಗಿರುತ್ತದೆ, ಆದರೆ ಎತ್ತರದ, ಬಲವಾಗಿ ಹೊಡೆಯುವ ಆಟಗಾರ್ತಿಗೆ ಪುರುಷರ ತಲೆಗೆ ಹಗುರ ಶಾಫ್ಟ್ ಹಾಕಿಸುವುದೇ ಸರಿ.

ಲೈ ಕೋನ ಎಂದರೆ ಕ್ಲಬ್‌ನ ತಳ ನೆಲದ ಮೇಲೆ ಕೂತಾಗ ಶಾಫ್ಟ್ ಎಷ್ಟು ನೆಟ್ಟಗೆ ನಿಲ್ಲುತ್ತದೆ ಎಂಬುದು. ಹೊಡೆಯುವ ಕ್ಷಣದಲ್ಲಿ ಟೋ ಮೇಲೆದ್ದಿದ್ದರೆ ಬಲಗೈ ಆಟಗಾರರ ಚೆಂಡು ಎಡಕ್ಕೂ, ಟೋ ನೆಲಕ್ಕೆ ಊರಿದ್ದರೆ ಬಲಕ್ಕೂ ಹೋಗುತ್ತದೆ. ಎಷ್ಟೋ ಜನ ಕ್ಲಬ್‌ನ ಈ ತಪ್ಪನ್ನು ತಮ್ಮ ಸ್ವಿಂಗ್‌ನ ತಪ್ಪೆಂದು ಭಾವಿಸಿ ಅದನ್ನು ತಿದ್ದಲು ಹೆಣಗುತ್ತಾರೆ. ಪರೀಕ್ಷೆ ಸುಲಭ. ಚೆಂಡಿನ ಮೇಲೆ ಮಾರ್ಕರ್‌ನಿಂದ ದಪ್ಪ ಗೆರೆ ಎಳೆದು, ಆ ಗೆರೆ ನೆಲಕ್ಕೆ ನೇರವಾಗಿ ನಿಂತು ಕ್ಲಬ್‌ನ ಮುಖಕ್ಕೆ ಎದುರಾಗುವಂತೆ ಇಟ್ಟು ಹೊಡೆಯಿರಿ. ಗೆರೆಯ ಅಚ್ಚು ಮುಖದ ಮೇಲೆ ಬೀಳುತ್ತದೆ. ಅದು ಮುಖದ ಅಡ್ಡಗೆರೆಗಳಿಗೆ ಸರಿಯಾಗಿ ಲಂಬವಾಗಿದ್ದರೆ ಚಿಂತೆಯಿಲ್ಲ. ಮೇಲ್ತುದಿ ಟೋ ಕಡೆ ವಾಲಿದ್ದರೆ ಕ್ಲಬ್ ನಿಮಗೆ ಹೆಚ್ಚು ನೆಟ್ಟಗಿದೆ. ಹೀಲ್ ಕಡೆ ವಾಲಿದ್ದರೆ ಹೆಚ್ಚು ಮಲಗಿದೆ. ಪಿಂಗ್ ಕ್ಲಬ್‌ಗಳ ಮೇಲೆ ಬಣ್ಣದ ಚುಕ್ಕೆ ನೋಡಿರುತ್ತೀರಿ. ಅದು ಈ ಕೋನದ ಗುರುತು. ಕಪ್ಪು ಸಾಮಾನ್ಯ, ನೀಲಿ ಇನ್ನಷ್ಟು ನೆಟ್ಟಗೆ, ಕೆಂಪು ಇನ್ನಷ್ಟು ಮಲಗಿದ್ದು. ಗೆಳೆಯರ ಸೆಟ್ ಎರವಲು ಪಡೆದು ನೋಡುವಾಗ ಮೊದಲು ಆ ಚುಕ್ಕೆ ಯಾವ ಬಣ್ಣದ್ದು ಎಂದು ಗಮನಿಸಿ.

ಗ್ರಿಪ್ ಬಗ್ಗೆ ಎರಡೇ ಮಾತು. ಹಿಡಿದಾಗ ಎಡಗೈಯ ನಡುಬೆರಳುಗಳು ಅಂಗೈಯನ್ನು ಮೆಲ್ಲಗೆ ಮುಟ್ಟುವಂತಿರಬೇಕು. ಅಂಗೈಗೆ ಚುಚ್ಚಿದರೆ ಗ್ರಿಪ್ ತೆಳು, ಮುಟ್ಟದಿದ್ದರೆ ದಪ್ಪ. ಮಂಗಳೂರಿನಂಥ ಬೆವರುವ ಊರಿನವರು ನೂಲು ಬೆರೆಸಿದ ಗ್ರಿಪ್ ಕೇಳಲಿ.

ಹಂತ 6: ಯಾವ ಅಂಕಿಯಿಂದ ಯಾವ ಅಂಕಿಯವರೆಗೆ?

ಚೀಲದಲ್ಲಿ 14 ಕ್ಲಬ್‌ಗಿಂತ ಹೆಚ್ಚು ಇರುವಂತಿಲ್ಲ. ಆ ಹದಿನಾಲ್ಕರಲ್ಲಿ 4 ಐರನ್‌ಗೆ ಜಾಗವಿಲ್ಲ ಎಂದು ಚರ್ಚೆಯಿಲ್ಲದೆ ಒಪ್ಪಿಕೊಳ್ಳಿ. 5 ಐರನ್‌ಗೆ ಒಂದು ಪರೀಕ್ಷೆ ಇಡಿ: ಅದೇ ಸೆಟ್‌ನ 6 ಐರನ್‌ಗಿಂತ ಗಾಳಿಯಲ್ಲಿ ಕನಿಷ್ಠ ಎಂಟು ಹತ್ತು ಗಜ ಮುಂದೆ ಹೋಗುತ್ತದೆಯೇ? ಹೋಗದಿದ್ದರೆ ಅದು ಚೀಲದ ತೂಕ ಹೆಚ್ಚಿಸಲು ಮಾತ್ರ. ಅದರ ಬದಲು ಐರನ್ ಮತ್ತು ವುಡ್ ಎರಡರ ಗುಣ ಬೆರೆತ ಹೈಬ್ರಿಡ್ ಹಾಕಿಕೊಳ್ಳಿ. ಡ್ರೈವರ್, ಒಂದು ಫೇರ್‌ವೇ ವುಡ್, ಎರಡು ಹೈಬ್ರಿಡ್, 6ರಿಂದ ಪಿಚಿಂಗ್ ವೆಜ್‌ವರೆಗೆ ಐದು ಐರನ್, ಮೂರು ವೆಜ್, ಪಟರ್ ಎಂದರೆ ಹದಿಮೂರು. ಉಳಿದ ಒಂದು ಜಾಗಕ್ಕೆ ಆತುರಬೀಳಬೇಡಿ. ಮೂರು ತಿಂಗಳು ಆಡಿದರೆ ಏನು ಬೇಕು ಎಂದು ಮೈದಾನವೇ ಹೇಳುತ್ತದೆ.

ಹಂತ 7: ಫಿಟ್ಟಿಂಗ್ ದಿನ

ಫಿಟ್ಟಿಂಗ್ ಎಂದರೆ ನಿಮ್ಮ ಹೊಡೆತ ಅಳೆದು ಕ್ಲಬ್ ಹೊಂದಿಸುವುದು. ಅಲ್ಲಿಗೆ ಹೋಗುವಾಗ ಹಳೆಯ 7 ಐರನ್ ಜೊತೆಗಿರಲಿ. ಇದನ್ನು ಮರೆತರೆ ಉಳಿದ ಅಂಕಿಗಳಿಗೆಲ್ಲ ಅರ್ಥವಿಲ್ಲ, ಏಕೆಂದರೆ ಯಂತ್ರವೂ ಚೆಂಡೂ ಊರೂ ಬದಲಾದರೆ ಗಜಗಳೂ ಬದಲಾಗುತ್ತವೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ. ಗಾಳಿ ತೆಳುವಾದುದರಿಂದ ಇಲ್ಲಿ ಚೆಂಡು ಚೆನ್ನೈಗಿಂತ ಶೇ. 3ರಷ್ಟು ಹೆಚ್ಚು ಹೋಗುತ್ತದೆ. 150 ಗಜದ ಹೊಡೆತದಲ್ಲಿ ಅದು ನಾಲ್ಕೈದು ಗಜ. ಸಿಮ್ಯುಲೇಟರ್‌ನಲ್ಲಿ ಎತ್ತರ ಎಷ್ಟೆಂದು ಹೊಂದಿಸಿದ್ದಾರೆ ಎಂದು ಕೇಳಿ. ರೇಂಜ್ ಚೆಂಡಿನಲ್ಲಿ ಹೊಡೆದ ದೂರವನ್ನು ನಂಬಬೇಡಿ.

ಮೈ ಬಿಸಿಯಾಗುವಷ್ಟು ಹೊಡೆದ ಮೇಲೆ ಮೊದಲು ಹಳೆಯ ಐರನ್, ಆಮೇಲೆ ಹೊಸದೊಂದು, ಇನ್ನೊಂದು, ಕೊನೆಗೆ ಮತ್ತೆ ಹಳೆಯದು. ಒಂದೊಂದಕ್ಕೆ ಎಂಟು ಹತ್ತು ಚೆಂಡು. ಕೊನೆಗೆ ಹಳೆಯದರ ಅಂಕಿಗಳೂ ಏರಿದ್ದರೆ ಏರಿದ್ದು ನಿಮ್ಮ ಲಯ, ಕ್ಲಬ್ ಅಲ್ಲ.

ಈಗ ಮುಖ್ಯವಾದ ಮಾತು. ಫಿಟ್ಟಿಂಗ್ ಮಾಡುವವರು ತಪ್ಪಿದ ಹೊಡೆತಗಳನ್ನು ಪರದೆಯಿಂದ ಅಳಿಸುತ್ತಾರೆ. “ಇದು ಸರಿಯಾಗಿ ಬೀಳಲಿಲ್ಲ ಸರ್, ತೆಗೆದುಬಿಡುತ್ತೇನೆ” ಎನ್ನುತ್ತಾರೆ, ಸದುದ್ದೇಶದಿಂದಲೇ. ನೀವು “ಬೇಡ, ಇರಲಿ” ಎನ್ನಬೇಕು. ಪೂರ್ತಿ ನೆಲಕ್ಕೆ ಬಡಿದದ್ದನ್ನು ಬಿಟ್ಟು ಉಳಿದದ್ದೆಲ್ಲ ಲೆಕ್ಕಕ್ಕೆ ಬರಲಿ. ಉದಾಹರಣೆಗೆ ಎರಡು ಐರನ್‌ಗಳ ಐದೈದು ಹೊಡೆತ ಹೀಗಿವೆ ಎಂದುಕೊಳ್ಳಿ. ಮೊದಲನೆಯದು: 158, 156, 141, 157, 135 ಗಜ. ಎರಡನೆಯದು: 148, 147, 141, 149, 140. ಸರಾಸರಿಯಲ್ಲಿ ಮೊದಲನೆಯದು ನಾಲ್ಕು ಗಜ ಮುಂದೆ. ಕೆಟ್ಟ ಎರಡನ್ನು ಅಳಿಸಿದರೆ ಅಂತರ ಒಂಬತ್ತಕ್ಕೆ ಏರಿ ಅದು ಇನ್ನೂ ಚೆಂದ ಕಾಣುತ್ತದೆ. ಈಗ ಮುಂದಿನ ಅಂಚು 138, ಹಿಂದಿನ ಅಂಚು 157 ಗಜದಲ್ಲಿರುವ ಗ್ರೀನ್ ಒಂದನ್ನು ಎದುರಿಗೆ ಇಡಿ. ಮೊದಲ ಐರನ್‌ನ ಮೂರು ಒಳ್ಳೆಯ ಹೊಡೆತಗಳು ಬಿದ್ದು ಉರುಳಿ ಹಿಂದಕ್ಕೆ ಹೋದವು, ಒಂದು ಮುಂದಿನ ಬಂಕರ್‌ಗೆ, ಉಳಿದದ್ದು ಒಂದೇ. ಎರಡನೆಯ ಐರನ್‌ನ ಐದೂ ಗ್ರೀನ್ ಮೇಲಿವೆ, ಕೆಟ್ಟವೂ ಸೇರಿ. ಯಾವುದನ್ನು ಕೊಳ್ಳುತ್ತೀರಿ?

ಹೀಗೆ ಅತಿ ಉದ್ದದ್ದಕ್ಕೂ ಅತಿ ಗಿಡ್ಡದ್ದಕ್ಕೂ ನಡುವಿನ ಅಂತರವನ್ನು ಬರೆದುಕೊಳ್ಳಿ. ಎಡಬಲದ ಹರವನ್ನೂ ಹಾಗೆಯೇ. ನನಗೆ ಆಮೇಲೆ ಬೇಕಾಗುವುದು ಇಳಿಯುವ ಕೋನ. ದೂರ ನೋಡುವುದು ಕೊನೆಗೆ.

ಚಾಪೆಯ ಮೇಲೆ ಮಾತ್ರ ಹೊಡೆದು ತೀರ್ಮಾನಿಸಬೇಡಿ. ಚೆಂಡಿನ ಹಿಂದೆ ಒಂದಂಗುಲ ನೆಲಕ್ಕೆ ಬಡಿದರೂ ಚಾಪೆ ಜಾರಿಸಿ ಕ್ಷಮಿಸಿಬಿಡುತ್ತದೆ, ಹುಲ್ಲು ಕ್ಷಮಿಸುವುದಿಲ್ಲ. ಬಿದ್ದ ಹೊಡೆತವನ್ನು ಕಣ್ಣಾರೆ ಕಾಣಬಹುದಾದ ರೇಂಜ್‌ನಲ್ಲಿ, ಸಾಧ್ಯವಾದರೆ ಹುಲ್ಲಿನ ಮೇಲಿಂದ, ಕಂಪನಿಯವರು ಡೆಮೊ ದಿನ ಇಟ್ಟುಕೊಂಡಾಗ ಹೋಗುವುದು ಉತ್ತಮ. ಎಲ್ಲಿ ಆಡುತ್ತೀರಿ ಎಂಬುದನ್ನೂ ಫಿಟ್ಟಿಂಗ್ ಮಾಡುವವರಿಗೆ ಹೇಳಿ. ಬೆಂಗಳೂರಿನ ಹೈಗ್ರೌಂಡ್ಸ್‌ನಲ್ಲಿರುವ, 1876ರಲ್ಲಿ ಶುರುವಾದ ಹಳೆಯ ಕ್ಲಬ್‌ನ ಇಕ್ಕಟ್ಟಿನ ಕುಳಿಗಳಲ್ಲಿ ಬೇಕಾಗುವ ನಿಖರತೆ, ಉದ್ದನೆಯ ಹೊಸ ರೆಸಾರ್ಟ್ ಕೋರ್ಸ್‌ಗಳಲ್ಲಿ ಬೇಕಾಗುವ ಎತ್ತರದ ಹೊಡೆತ, ಇವೆರಡೂ ಒಂದೇ ಅಲ್ಲ.

ಹಂತ 8: ಕೊಳ್ಳುವ ದಾರಿ

ಹೆಸರಾಂತ ಕಂಪನಿಗಳ ಹೊಸ ಸೆಟ್ ಲಕ್ಷದ ಆಸುಪಾಸಿಗೆ ಅಥವಾ ಅದಕ್ಕೂ ಮೇಲೆ ಹೋಗುತ್ತದೆ. ಎರಡು ತಲೆಮಾರು ಹಳೆಯ ಮಾದರಿ ಅರ್ಧ ಬೆಲೆಗೆ ಸಿಕ್ಕರೆ ಗಂಭೀರವಾಗಿ ಯೋಚಿಸಿ. ಐರನ್‌ಗಳಲ್ಲಿ ಎರಡು ಮೂರು ವರ್ಷದಲ್ಲಿ ಆಗುವ ಸುಧಾರಣೆ ಜಾಹೀರಾತಿನಲ್ಲಿ ಕಾಣುವಷ್ಟು ಇರುವುದಿಲ್ಲ. ಉಳಿದ ಹಣದಲ್ಲಿ ಫಿಟ್ಟಿಂಗ್, ಎರಡು ವೆಜ್ ಮತ್ತು ಕೆಲವು ಪಾಠ ಬರುತ್ತವೆ. ಬಳಸಿದ ಸೆಟ್ ನೋಡುವಾಗ 8, 9 ಮತ್ತು ಪಿಚಿಂಗ್ ವೆಜ್‌ಗಳ ಮುಖದ ಗೆರೆಗಳನ್ನು ಉಗುರಿನಿಂದ ಸವರಿ. ಉಗುರು ಸಿಕ್ಕಿಕೊಳ್ಳದಿದ್ದರೆ ಗೆರೆ ಸವೆದಿದೆ. ಉಕ್ಕಿನ ಶಾಫ್ಟ್ ತಲೆಯನ್ನು ಸೇರುವ ಜಾಗದಲ್ಲಿ ತುಕ್ಕು ಇದೆಯೇ, ಎಲ್ಲ ಶಾಫ್ಟ್‌ಗಳೂ ಒಂದೇ ಮಾದರಿಯವೇ ಎಂದು ನೋಡಿ.

ನಕಲಿ ಮಾಲಿನ ಕಾಟ ಗಾಲ್ಫ್‌ನಲ್ಲಿ ಹಳೆಯದು. ನಂಬಲಾಗದ ಬೆಲೆಗೆ ಪೆಟ್ಟಿಗೆ ಒಡೆಯದ ಸೆಟ್ ಸಿಗುತ್ತಿದೆ ಎಂದರೆ ಅದನ್ನು ನಂಬಬೇಡಿ. ಹೊಸೆಲ್ ಮೇಲೆ ಕೆತ್ತಿರುವ ಸರಣಿ ಸಂಖ್ಯೆಯನ್ನು ಕಂಪನಿಗೆ ಬರೆದು ಖಚಿತಪಡಿಸಿಕೊಳ್ಳಬಹುದು. ಮಾರುವವರು ಆ ಸಂಖ್ಯೆಯ ಚಿತ್ರ ಕಳಿಸಲು ಹಿಂಜರಿದರೆ ವ್ಯವಹಾರ ಅಲ್ಲಿಗೆ ಬಿಡಿ.

ಅಮೆರಿಕದಲ್ಲಿರುವ ಮಗನೋ ಅಳಿಯನೋ ಬರುವಾಗ ತರಲಿ ಎಂಬುದು ನಮ್ಮಲ್ಲಿ ಸಾಮಾನ್ಯ. ತರಿಸಿ, ಆದರೆ ‘ಒಳ್ಳೆಯದೊಂದು ಐರನ್ ಸೆಟ್’ ಎಂದು ಹೇಳಿ ಕಳಿಸಬೇಡಿ. ಇಲ್ಲೇ ಫಿಟ್ಟಿಂಗ್‌ಗೆ ಹಣ ಕೊಟ್ಟು, ಮಾದರಿ, ಶಾಫ್ಟ್‌ನ ಹೆಸರು ಮತ್ತು ಬಿಗಿತ, ಉದ್ದ, ಲೈ ಕೋನ, ಗ್ರಿಪ್ ಗಾತ್ರ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕಳಿಸಿ. ಅಳತೆ ಹೇಳಿ ಮಾಡಿಸಿದ ಸೆಟ್ ಬರಲು ವಾರಗಳೇ ಹಿಡಿಯಬಹುದು. ವಿಮಾನದ ಟಿಕೆಟ್ ತೆಗೆಯುವ ದಿನವೇ ಆರ್ಡರ್ ಹೋಗಲಿ. ಬಿಲ್ ಜೊತೆಯಲ್ಲಿರಲಿ, ಕಸ್ಟಮ್ಸ್ ಸುಂಕದ ಮಿತಿಯನ್ನು ಮೊದಲೇ ನೋಡಿಕೊಳ್ಳಲಿ. ಇಲ್ಲಿಗೆ ಬಂದ ಮೇಲೆ ಹಿಂದಿರುಗಿಸುವ ದಾರಿ ಇರುವುದಿಲ್ಲ.

ಸೆಟ್ ಕೈಗೆ ಬಂದ ಮೇಲೆ

ಕಾರ್ಖಾನೆಯಿಂದ ಬಂದ ಕ್ಲಬ್‌ಗಳಲ್ಲೂ ಒಂದು ಡಿಗ್ರಿಯಷ್ಟು ವ್ಯತ್ಯಾಸ ಅಪರೂಪವಲ್ಲ. ಕ್ಲಬ್ ದುರಸ್ತಿ ಮಾಡುವವರ ಹತ್ತಿರ ಎಲ್ಲ ಐರನ್‌ಗಳ ಲಾಫ್ಟ್ ಮತ್ತು ಲೈ ಒಮ್ಮೆ ಅಳೆಸಿ, ಸೆಟ್ ಜೊತೆಗೆ ಬಂದ ಪಟ್ಟಿಗೆ ತಾಳೆ ನೋಡಿ. ಗಟ್ಟಿ ನೆಲದಲ್ಲಿ ಆಡುವವರು ವರ್ಷಕ್ಕೊಮ್ಮೆ ಇದನ್ನು ಮಾಡಿಸುವುದು ಒಳ್ಳೆಯದು, ಮೆದು ಉಕ್ಕಿನ ತಲೆಗಳು ಹೊಡೆತಕ್ಕೆ ಬಾಗುತ್ತವೆ.

ಮೊದಲ ಕೆಲವು ವಾರ ಸ್ಕೋರ್ ಗಮನಕ್ಕೆ ತೆಗೆದುಕೊಳ್ಳಬೇಡಿ. ಸಂಜೆ ಮೈದಾನ ಖಾಲಿ ಇರುವಾಗ ನೀವು ಆಡುವ ಚೆಂಡಿನಲ್ಲೇ ಪ್ರತಿ ಐರನ್‌ನಿಂದ ಹತ್ತು ಹೊಡೆದು, ಚೆಂಡು ಮೊದಲು ನೆಲ ಮುಟ್ಟಿದ ಜಾಗದವರೆಗಿನ ದೂರವನ್ನು ರೇಂಜ್‌ಫೈಂಡರ್‌ನಲ್ಲಿ ಅಳೆದು, ಅತಿ ಉದ್ದದ ಎರಡನ್ನು ಬಿಟ್ಟು ಉಳಿದವುಗಳ ಸರಾಸರಿ ಬರೆದುಕೊಳ್ಳಿ. ಆ ಚೀಟಿಯ ಒಂದು ಪ್ರತಿ ಕ್ಯಾಡಿಗೆ ಕೊಡಿ. ಹಳೆಯ ಸೆಟ್ ಮಾರುವುದಿದ್ದರೆ ಈ ಅಂಕಿಗಳು ನಿಂತ ಮೇಲೆ ಮಾರಿ. ಅಲ್ಲಿಯವರೆಗೆ ಅದು ಮನೆಯಲ್ಲೇ ಇರಲಿ.